ಪಾಡ್‌ಕಾಸ್ಟ್: ತೆರಿಗೆ ಇಳಿದರೂ ಒಟ್ಟು ಮೊತ್ತ ಯಾಕೆ ಇಳಿಯಲಿಲ್ಲ?

ಪ್ರೋಗ್ರಾಮಿಂಗ್ ಕಲಿಯುವವರಿಗೆ ಬೇಗನೆ ಎದುರಾಗುವ ಒಂದು ತೊಂದರೆಯ ಬಗ್ಗೆ ಇವತ್ತು ಮಾತಾಡ್ತೀನಿ.

2025ರ ಸೆಪ್ಟೆಂಬರ್ 22ರಿಂದ ತುಪ್ಪದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ತುಪ್ಪ ಒಂದು ಆಬ್ಜೆಕ್ಟ್ ಅಂದುಕೊಳ್ಳಿ. ಅದರಲ್ಲಿ ಮೂರು ಅಟ್ರಿಬ್ಯೂಟ್‌ಗಳು: ಬೆಲೆ 500 ರೂಪಾಯಿ, ತೆರಿಗೆ ಶೇ 12, ಒಟ್ಟು 560. ಈಗ ತೆರಿಗೆಯನ್ನು 5 ಮಾಡಿದೆವು. ಒಟ್ಟು 525 ಆಗಬೇಕು ತಾನೇ? ಇಲ್ಲ, 560 ಅಂತಲೇ ತೋರಿಸುತ್ತೆ! ಎರರ್ ಮೆಸೇಜ್ ಕೂಡ ಬರಲ್ಲ. ಗ್ರಾಹಕರು 35 ರೂಪಾಯಿ ಹೆಚ್ಚು ಕೊಟ್ಟು ಹೋಗ್ತಾರೆ.

ಕಾರಣ ಇಷ್ಟೇ. ಎಕ್ಸೆಲ್‌ನಲ್ಲಿ ಸೂತ್ರ ಬರೆದರೆ ಅದು ಸೆಲ್‌ನಲ್ಲೇ ಉಳಿಯುತ್ತೆ. ಅಂಕಿ ಬದಲಾದಾಗ ಮತ್ತೆ ಲೆಕ್ಕ ಆಗುತ್ತೆ. ಪೈಥಾನ್, ಜಾವಾದಂಥ ಭಾಷೆಗಳಲ್ಲಿ ಸಮ ಚಿಹ್ನೆ ಹಾಗಲ್ಲ. ಆ ಸಾಲು ಓಡಿದ ಕ್ಷಣದಲ್ಲಿ ಒಂದು ಸಲ ಲೆಕ್ಕ ಮಾಡಿ, ಬಂದ ಉತ್ತರವನ್ನು ಮಾತ್ರ ಇಟ್ಟುಕೊಳ್ಳುತ್ತೆ. ಆ ಉತ್ತರ ಎಲ್ಲಿಂದ ಬಂತು ಅನ್ನೋದು ಅದಕ್ಕೆ ನೆನಪಿರಲ್ಲ.

ಹಾಗಾದ್ರೆ ಏನು ಮಾಡೋದು? ನಾನು ಹೇಳೋದು: ಲೆಕ್ಕ ಮಾಡಿ ಪಡೆಯಬಹುದಾದ್ದನ್ನು ಕೂಡಿಡಬೇಡಿ. ಬೆಲೆ, ತೆರಿಗೆ ಎರಡನ್ನೇ ಇಟ್ಟುಕೊಂಡು, ‘ಒಟ್ಟು’ವನ್ನು ಪೈಥಾನ್‌ನ ಪ್ರಾಪರ್ಟಿ ಮಾಡಿ. ಹೊರಗಿನಿಂದ ನೋಡೋರಿಗೆ ಅದು ಮಾಮೂಲಿ ಅಟ್ರಿಬ್ಯೂಟ್ ಥರಾನೇ. ಒಳಗೆ ಮಾತ್ರ, ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ನಡೆಯುತ್ತೆ.

ಲೆಕ್ಕ ತುಂಬಾ ನಿಧಾನ ಆದ್ರೆ? ಆಗ ಉತ್ತರ ಕೂಡಿಡಬಹುದು. ಆದರೆ ಬೆಲೆ ಅಥವಾ ತೆರಿಗೆ ಬದಲಾಯಿಸುವ ಸೆಟರ್ ಒಳಗೇ ಹಳೇ ಉತ್ತರ ಅಳಿಸಬೇಕು. ಪೈಥಾನ್ 3.8ರಲ್ಲಿ ಬಂದ ‘ಕ್ಯಾಶ್ಡ್ ಪ್ರಾಪರ್ಟಿ’ ಈ ಕೆಲಸವನ್ನು ತಾನಾಗಿ ಮಾಡಲ್ಲ. ನಾವೇ ಅಳಿಸೋವರೆಗೂ ಮೊದಲ ಉತ್ತರವನ್ನೇ ಕೊಡ್ತಿರುತ್ತೆ.

ಇದಕ್ಕೊಂದು ಮುಖ್ಯ ಅಪವಾದ ಇದೆ. ಆಗಸ್ಟ್‌ನಲ್ಲಿ ಕೊಟ್ಟ ಬಿಲ್ 560 ಆಗಿಯೇ ಇರಬೇಕು. ಹಳೇ ಬಿಲ್ ತೆಗೆದಾಗ 525 ತೋರಿಸಿದ್ರೆ ಲೆಕ್ಕಪತ್ರವೇ ಸುಳ್ಳಾಗುತ್ತೆ. ಅಲ್ಲಿ ಅವತ್ತಿನ ಬೆಲೆ, ತೆರಿಗೆ, ಒಟ್ಟು ಮೂರನ್ನೂ ಬರೆದಿಡಿ, ಆಮೇಲೆ ಯಾರೂ ಬದಲಾಯಿಸದ ಹಾಗೆ ನೋಡ್ಕೊಳ್ಳಿ.

ಹಾಗಾಗಿ ಹೊಸ ಅಟ್ರಿಬ್ಯೂಟ್ ಸೇರಿಸೋ ಮುಂಚೆ ಕೇಳಿಕೊಳ್ಳಿ: ಇದು ಈಗಿನ ಸ್ಥಿತಿಯೋ, ಅವತ್ತು ನಡೆದದ್ದರ ದಾಖಲೆಯೋ? ಈಗಿನದಾದರೆ ಲೆಕ್ಕ ಮಾಡಿ, ದಾಖಲೆಯಾದರೆ ಬರೆದಿಡಿ.