ಘಟ್ಟದ ಮೇಲಿನ ನರ್ಸಿಂಗ್ ವಿದ್ಯಾರ್ಥಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಮನೆಗಳಿಂದ ಬಿ.ಎಸ್ಸಿ. ನರ್ಸಿಂಗ್, ಅಂದರೆ 4 ವರ್ಷಗಳ ಶುಶ್ರೂಷಾ ಪದವಿಗೆ ಸೇರುವವರನ್ನು ಮೊದಲು ಕಾಡುವುದು ಇಂಗ್ಲಿಷಿನಲ್ಲಿ ಓದಬೇಕಾದ ಅಂಗರಚನಾಶಾಸ್ತ್ರ ಮತ್ತು ಮೊದಲ ಸಲ ಸೂಜಿ ಚುಚ್ಚುವಾಗ ನಡುಗುವ ಕೈ. ರಾತ್ರಿ ಪಾಳಿಯ ಬಗ್ಗೆ ಮನೆಯ ಹಿರಿಯರ ಗೊಣಗಾಟ ಬೇರೆ.

ಆದರೆ ಈ ಸೀಮೆಯಲ್ಲಿ ಶುಶ್ರೂಷೆಯ ಬೆಲೆ ತಿಳಿಯಬೇಕಾದರೆ ಮಂಗನ ಕಾಯಿಲೆಯನ್ನು ನೋಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗು ಎಂಬ ರಕ್ತ ಹೀರುವ ಜೀವಿಯ ಕಡಿತದಿಂದ ಹರಡುವ, 2024ರಲ್ಲಿ ಸಿದ್ದಾಪುರ ತಾಲ್ಲೂಕನ್ನು ಕಂಗೆಡಿಸಿದ ಈ ವೈರಾಣು ಜ್ವರಕ್ಕೆ ನಿರ್ದಿಷ್ಟ ಔಷಧಿಯಿಲ್ಲದ್ದರಿಂದ, ಜ್ವರದ ಏರಿಳಿತವನ್ನು ಬರೆದಿಡುವುದು, ಒಸಡಿನಲ್ಲಿ ರಕ್ತ ಜಿನುಗುತ್ತಿದೆಯೇ ಎಂದು ನೋಡುವುದು, ಡ್ರಿಪ್ಪಿನ ಹನಿಗಳ ವೇಗ ಗಮನಿಸುವುದು, ರೋಗಿಯ ಮಾತು ತಡವರಿಸಿದರೆ ತಕ್ಷಣ ವೈದ್ಯರನ್ನು ಕರೆಯುವುದು, ಇವೇ ಚಿಕಿತ್ಸೆಯ ಬಹುಪಾಲು.

ಓದು ಮುಗಿದು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದ ಮೇಲೆ, ಅಂದರೆ ವೃತ್ತಿ ನಡೆಸುವ ಕಾನೂನುಬದ್ಧ ಅನುಮತಿ ಸಿಕ್ಕ ಮೇಲೆ, ಹಲವರ ಕಣ್ಣು ಬೆಂಗಳೂರು, ಕೊಲ್ಲಿ ದೇಶಗಳತ್ತ ಹೊರಳುತ್ತದೆ. ಸಂಬಳ ನೋಡಿದರೆ ಅದನ್ನು ತಪ್ಪೆನ್ನಲಾಗದು. ಆದರೂ ಗಂಭೀರ ರೋಗಿಯನ್ನು ಇಂದಿಗೂ ಹುಬ್ಬಳ್ಳಿಗೋ, ಘಟ್ಟ ಇಳಿಸಿ ಮಣಿಪಾಲಕ್ಕೋ ಸಾಗಿಸುವ ಊರುಗಳಲ್ಲಿ, ಅಜ್ಜಿಯೊಬ್ಬಳು ಹವ್ಯಕರ ಆಡುನುಡಿಯಾದ ಹವಿಗನ್ನಡದಲ್ಲಿ ಹೇಳುವ ನೋವನ್ನು ಮರುಪ್ರಶ್ನೆಯಿಲ್ಲದೆ ಅರಿಯಬಲ್ಲ ಇವರಲ್ಲಿ ಕೆಲವರು ತಾಲ್ಲೂಕು ಆಸ್ಪತ್ರೆಯ ನೇಮಕಾತಿಗಾಗಿಯೇ ಕಾಯುವುದೂ ಉಂಟು.