ಕಡಿಮೆ ಫಾಡ್‌ಮ್ಯಾಪ್ ಆಹಾರಕ್ರಮ

ಕಡಿಮೆ ಫಾಡ್‌ಮ್ಯಾಪ್ ಆಹಾರಕ್ರಮವು ಸಣ್ಣ ಕರುಳಿನಲ್ಲಿ ಪೂರ್ಣವಾಗಿ ಹೀರಿಕೆಯಾಗದ ಕೆಲವು ಬಗೆಯ ಸಕ್ಕರೆಗಳನ್ನು ನಿಗದಿತ ಅವಧಿಗೆ ಮಿತಗೊಳಿಸಿ, ಅನಂತರ ಅವುಗಳನ್ನು ಒಂದೊಂದಾಗಿ ಊಟಕ್ಕೆ ಮರಳಿಸುವ ಚಿಕಿತ್ಸಾ ಪಥ್ಯವಾಗಿದೆ. ಕಿರಿಕಿರಿ ಕರುಳಿನ ಸಹಲಕ್ಷಣ (ಐಬಿಎಸ್) ಇರುವವರಲ್ಲಿ ಕಾಣುವ ಹೊಟ್ಟೆನೋವು, ಹೊಟ್ಟೆಯುಬ್ಬರ, ವಾಯು, ಭೇದಿ ಮೊದಲಾದ ತೊಂದರೆಗಳನ್ನು ತಗ್ಗಿಸಲು ಇದನ್ನು ಬಳಸಲಾಗುತ್ತದೆ. ಇದು ಜೀವನಪರ್ಯಂತ ಪಾಲಿಸುವ ಪಥ್ಯವಲ್ಲ. ಯಾವ ಆಹಾರ, ಎಷ್ಟು ಪ್ರಮಾಣದಲ್ಲಿ ತನಗೆ ತೊಂದರೆ ಕೊಡುತ್ತದೆ ಎಂಬುದನ್ನು ರೋಗಿಯು ಕಂಡುಕೊಳ್ಳುವ ಪರೀಕ್ಷಾ ವಿಧಾನವಾಗಿದೆ. ಈ ಕ್ರಮ ರೂಪುಗೊಂಡದ್ದು ಆಸ್ಟ್ರೇಲಿಯದಲ್ಲಾದರೂ, ಜೋಳವೇ ಮುಖ್ಯ ಧಾನ್ಯವಾಗಿರುವ ಉತ್ತರ ಕರ್ನಾಟಕದ ಊಟದಲ್ಲಿ ಇದನ್ನು ಹೆಚ್ಚಿನ ವೆಚ್ಚವಿಲ್ಲದೆ ಅಳವಡಿಸಿಕೊಳ್ಳಬಹುದು.

ಹೆಸರು ಮತ್ತು ಹಿನ್ನೆಲೆ

'ಫಾಡ್‌ಮ್ಯಾಪ್' ಎಂಬುದು ಹುದುಗುವ ಗುಣವುಳ್ಳ ಆಲಿಗೋಸ್ಯಾಕರೈಡ್, ಡೈಸ್ಯಾಕರೈಡ್, ಮಾನೋಸ್ಯಾಕರೈಡ್ ಮತ್ತು ಪಾಲಿಯಾಲ್‌ಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳಿಂದಾದ ಪದ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರಾದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಫರ್ಡ್ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪದವನ್ನು ಬಳಸಿದರು. ಆ ಲೇಖನವು ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ್ದಾಗಿತ್ತು. ಮುಂದಿನ ವರ್ಷಗಳಲ್ಲಿ ಈ ಕ್ರಮದ ಉಪಯೋಗ ಮುಖ್ಯವಾಗಿ ಐಬಿಎಸ್ ಚಿಕಿತ್ಸೆಯಲ್ಲಿ ಬೆಳೆಯಿತು.

ಈ ಸಕ್ಕರೆಗಳನ್ನು ಐದು ಗುಂಪುಗಳಾಗಿ ನೋಡಬಹುದು.

• ಫ್ರಕ್ಟಾನ್‌ಗಳು: ಗೋಧಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖರ್ಜೂರ.
• ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್‌ಗಳು: ಕಡಲೆ, ಅಲಸಂದಿ ಮೊದಲಾದ ಕಾಳುಗಳು, ಗೋಡಂಬಿ.
• ಲ್ಯಾಕ್ಟೋಸ್: ಹಾಲು, ಮೊಸರು, ಮಜ್ಜಿಗೆ, ಖೋವಾ.
• ಹೆಚ್ಚುವರಿ ಫ್ರಕ್ಟೋಸ್: ಜೇನುತುಪ್ಪ, ಮಾವು, ಸೇಬು, ಕಲ್ಲಂಗಡಿ.
• ಪಾಲಿಯಾಲ್‌ಗಳು: ಹೂಕೋಸು, ಅಣಬೆ, ಸಕ್ಕರೆರಹಿತ ಚೂಯಿಂಗ್ ಗಮ್.

ಕಾರ್ಯವಿಧಾನ

ಫ್ರಕ್ಟಾನ್‌ಗಳನ್ನೂ ಕಾಳುಗಳಲ್ಲಿನ ರಾಫಿನೋಸ್, ಸ್ಟ್ಯಾಕಿಯೋಸ್‌ನಂತಹ ಸಕ್ಕರೆಗಳನ್ನೂ ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಆದ್ದರಿಂದ ಇವು ಎಲ್ಲರಲ್ಲಿಯೂ ಜೀರ್ಣವಾಗದೆಯೇ ದೊಡ್ಡ ಕರುಳನ್ನು ಸೇರುತ್ತವೆ. ಲ್ಯಾಕ್ಟೋಸ್‌ನ ವಿಷಯ ಹಾಗಲ್ಲ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವವು ಕೆಲವರಲ್ಲಿ ಸಾಕಷ್ಟಿದ್ದು, ಹಲವರಲ್ಲಿ ಬಾಲ್ಯದ ಅನಂತರ ಕಡಿಮೆಯಾಗುತ್ತದೆ.

ಹೀರಿಕೆಯಾಗದೆ ಉಳಿದ ಸಕ್ಕರೆಗಳು ಎರಡು ಪರಿಣಾಮಗಳನ್ನು ಉಂಟುಮಾಡುತ್ತವೆ. ಚಿಕ್ಕ ಅಣುಗಳುಳ್ಳ ಸಕ್ಕರೆಗಳು ಪರಾಸರಣದ ಮೂಲಕ ನೀರನ್ನು ಕರುಳಿನೊಳಕ್ಕೆ ಸೆಳೆಯುತ್ತವೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಉಳಿದವನ್ನು ಹುದುಗಿಸುವಾಗ ಜಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಕೆಲವರಲ್ಲಿ ಮೀಥೇನ್ ಅನಿಲಗಳು ಉತ್ಪತ್ತಿಯಾಗುತ್ತವೆ. ನೀರು ಮತ್ತು ಅನಿಲಗಳಿಂದ ಕರುಳಿನ ಗೋಡೆ ಹಿಗ್ಗುತ್ತದೆ. ಈ ಹಿಗ್ಗುವಿಕೆ ಆರೋಗ್ಯವಂತರಲ್ಲಿಯೂ ಆಗುತ್ತದೆ. ಆದರೆ ಐಬಿಎಸ್ ಇರುವವರ ಕರುಳಿನ ನರಗಳು ಹೆಚ್ಚು ಸಂವೇದನಾಶೀಲವಾಗಿರುವುದರಿಂದ ಅದು ಅವರಿಗೆ ನೋವಾಗಿ ಅನುಭವಕ್ಕೆ ಬರುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ಒಂದೇ ಊಟ ಮಾಡಿದವರಲ್ಲಿ ಒಬ್ಬರಿಗಷ್ಟೇ ತೊಂದರೆಯಾಗಬಹುದು.

ಫಾಡ್‌ಮ್ಯಾಪ್‌ಗಳ ಪರಿಣಾಮ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಸ್ವಲ್ಪ ಬೇಳೆ, ಸ್ವಲ್ಪ ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ ಬೇರೆಬೇರೆಯಾಗಿ ಸಹ್ಯವಾದರೂ ಒಂದೇ ಹೊತ್ತಿನಲ್ಲಿ ಸೇರಿದಾಗ ಅಸಹ್ಯವಾಗಬಹುದು.

ಆರಂಭಕ್ಕೆ ಮುನ್ನ ಗಮನಿಸಬೇಕಾದುದು

2016ರ ರೋಮ್ 4 ಮಾನದಂಡದ ಪ್ರಕಾರ, ಕಳೆದ 3 ತಿಂಗಳುಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಮರುಕಳಿಸುತ್ತಿದ್ದು, ಅದು ಮಲವಿಸರ್ಜನೆಯೊಂದಿಗೆ ಅಥವಾ ಮಲದ ಆವರ್ತನ ಮತ್ತು ಸ್ವರೂಪದ ಬದಲಾವಣೆಯೊಂದಿಗೆ ಸಂಬಂಧ ಹೊಂದಿದ್ದರೆ ಐಬಿಎಸ್ ಎಂದು ಪರಿಗಣಿಸಲಾಗುತ್ತದೆ. ಈ ಮೂರು ಸಂಬಂಧಗಳಲ್ಲಿ ಕನಿಷ್ಠ ಎರಡು ಇರಬೇಕು ಮತ್ತು ಲಕ್ಷಣಗಳು 6 ತಿಂಗಳ ಹಿಂದೆಯೇ ಆರಂಭವಾಗಿರಬೇಕು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ರೆಯಿಂದ ಎಬ್ಬಿಸುವ ಭೇದಿ, 50 ವರ್ಷದ ಅನಂತರ ಮೊದಲ ಬಾರಿಗೆ ಕಾಣಿಸಿಕೊಂಡ ಲಕ್ಷಣಗಳು, ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್‌ನ ಇತಿಹಾಸ ಇವುಗಳಲ್ಲಿ ಯಾವುದಾದರೂ ಇದ್ದರೆ ಪಥ್ಯಕ್ಕೆ ಮೊದಲು ವೈದ್ಯಕೀಯ ತಪಾಸಣೆ ಅಗತ್ಯ. ಗ್ಲುಟೆನ್‌ನಿಂದ ಉಂಟಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಗೋಧಿಯನ್ನು ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಹಂತಗಳು

ಮೊದಲ ಹಂತದಲ್ಲಿ 2ರಿಂದ 6 ವಾರಗಳವರೆಗೆ ಹೆಚ್ಚು ಫಾಡ್‌ಮ್ಯಾಪ್ ಇರುವ ಆಹಾರಗಳ ಬದಲಿಗೆ ಕಡಿಮೆ ಇರುವವನ್ನು ತಿನ್ನಲಾಗುತ್ತದೆ. ಈ ಅವಧಿಯಲ್ಲಿ ಲಕ್ಷಣಗಳು ತಗ್ಗದಿದ್ದರೆ ಫಾಡ್‌ಮ್ಯಾಪ್ ಕಾರಣವಲ್ಲವೆಂದು ತಿಳಿದು ಹಿಂದಿನ ಊಟಕ್ಕೆ ಮರಳಬೇಕು.

ಎರಡನೆಯ ಹಂತವು ಸಾಮಾನ್ಯವಾಗಿ 6ರಿಂದ 8 ವಾರಗಳದ್ದು. ಉಳಿದ ಊಟವನ್ನು ಮೊದಲ ಹಂತದಂತೆಯೇ ಇಟ್ಟುಕೊಂಡು, ಒಂದು ಗುಂಪಿನ ಒಂದು ಆಹಾರವನ್ನು ಮೂರು ದಿನ, ದಿನದಿಂದ ದಿನಕ್ಕೆ ಪ್ರಮಾಣ ಹೆಚ್ಚಿಸುತ್ತ ಪರೀಕ್ಷಿಸಲಾಗುತ್ತದೆ. ಲ್ಯಾಕ್ಟೋಸ್‌ಗೆ ಹಾಲು, ಗೋಧಿಯ ಫ್ರಕ್ಟಾನ್‌ಗೆ ಚಪಾತಿ, ಕಾಳಿನ ಸಕ್ಕರೆಗೆ ಬೇಯಿಸಿದ ಕಡಲೆ, ಪಾಲಿಯಾಲ್‌ಗೆ ಹೂಕೋಸನ್ನು ಬಳಸಬಹುದು. ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಎರಡು ಪರೀಕ್ಷೆಗಳ ನಡುವೆ ಎರಡು-ಮೂರು ದಿನಗಳ ವಿರಾಮವಿರಬೇಕು. ತಿಂದದ್ದು, ಪ್ರಮಾಣ ಮತ್ತು ಲಕ್ಷಣಗಳನ್ನು ಬರೆದಿಡುವುದು ಉಪಯುಕ್ತ.

ಮೂರನೆಯ ಹಂತದಲ್ಲಿ ಸಹ್ಯವಾದವುಗಳೆಲ್ಲ ಊಟಕ್ಕೆ ಮರಳುತ್ತವೆ. ತೊಂದರೆ ಕೊಟ್ಟವು ಮಾತ್ರ ಮಿತಿಯಲ್ಲಿರುತ್ತವೆ. ಸಹಿಷ್ಣುತೆಯು ಕಾಲಕ್ರಮೇಣ ಬದಲಾಗುವುದರಿಂದ ಅವುಗಳನ್ನೂ ಆಗಾಗ ಮರುಪರೀಕ್ಷಿಸಬಹುದು.

ಉತ್ತರ ಕರ್ನಾಟಕದ ಊಟದಲ್ಲಿ ಅಳವಡಿಕೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮತ್ತು ಬಾಡಗಂಡಿಯಂತಹ ಊರುಗಳಲ್ಲಿ ದಿನದ ಊಟವೆಂದರೆ ಜೋಳದ ರೊಟ್ಟಿ, ಪಲ್ಯ, ಕಾಳು, ಹಿಂಡಿ, ಅನ್ನ ಮತ್ತು ಮಜ್ಜಿಗೆ. ಈ ಊಟದ ಆಧಾರವಾದ ಜೋಳ ಮತ್ತು ಅಕ್ಕಿ ಎರಡೂ ಕಡಿಮೆ ಫಾಡ್‌ಮ್ಯಾಪ್ ಧಾನ್ಯಗಳು. ಹೊಟ್ಟೆಯುಬ್ಬರಕ್ಕೆ ರೊಟ್ಟಿಯನ್ನು ಕಾರಣವೆಂದು ಬಗೆದು ಬಿಡುವವರು ಅದರ ಜೊತೆಗಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ಮತ್ತು ಕಾಳುಗಳನ್ನು ಮೊದಲು ಪರಿಶೀಲಿಸುವುದು ಸೂಕ್ತ. ರೊಟ್ಟಿಯ ಬದಲು ಚಪಾತಿಗೆ ಹೊರಳಿದರೆ ಫ್ರಕ್ಟಾನ್‌ನ ಪ್ರಮಾಣ ಹೆಚ್ಚುತ್ತದೆ.

ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ: ಇವು ಒಗ್ಗರಣೆಯಲ್ಲಷ್ಟೇ ಅಲ್ಲದೆ ಶೇಂಗಾ ಹಿಂಡಿ, ರಂಜಕ ಮತ್ತು ಹಲವು ಮನೆಗಳ ಮಸಾಲೆ ಖಾರದಲ್ಲಿಯೂ ಇರುತ್ತವೆ. ಆದ್ದರಿಂದ ಪರೀಕ್ಷೆಯ ವಾರಗಳಿಗೆ ಬರಿಯ ಮೆಣಸಿನಪುಡಿ ಮತ್ತು ಬೆಳ್ಳುಳ್ಳಿ ಹಾಕದ ಹಿಂಡಿಯನ್ನು ಬೇರೆಯಾಗಿ ಮಾಡಿಕೊಳ್ಳಬೇಕಾಗುತ್ತದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹೀಗಾಗಿ ಸಾರಿನಲ್ಲಿ ಕುದಿಸಿದ ಉಳ್ಳಾಗಡ್ಡಿಯನ್ನು ತೆಗೆದುಹಾಕಿದರೂ ಅದರ ಸಕ್ಕರೆ ಸಾರಿನಲ್ಲಿ ಉಳಿಯುತ್ತದೆ. ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಹುರಿದು, ನೀರು ಸೇರಿಸುವ ಮೊದಲೇ ಎಸಳುಗಳನ್ನು ತೆಗೆದರೆ ಪರಿಮಳ ಮಾತ್ರ ದೊರೆಯುತ್ತದೆ. ಇಂತಹ ಎಣ್ಣೆಯನ್ನು ಅಂದಂದೇ ಬಳಸಬೇಕು. ಹೊರಗೆ ಕೂಡಿಟ್ಟರೆ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಉಳ್ಳಾಗಡ್ಡಿ ತಪ್ಪಲಿನ ಹಸಿರು ಭಾಗವನ್ನು ಬಳಸಬಹುದು. ಇಂಗು ಸಹ ಪರ್ಯಾಯವಾಗಿದೆ. ಆದರೆ ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಜೈನರ ಮನೆಗಳಲ್ಲಿ ಉಳ್ಳಾಗಡ್ಡಿ-ಬೆಳ್ಳುಳ್ಳಿಯಿಲ್ಲದ ಅಡುಗೆ ರೂಢಿಯಲ್ಲಿರುವುದರಿಂದ ಅದನ್ನು ಮಾದರಿಯಾಗಿ ನೋಡಬಹುದು. ಆದರೂ ಗೋಧಿ, ಬೇಳೆ, ಹಾಲುಗಳಿರುವ ಆ ಅಡುಗೆ ತಾನಾಗಿಯೇ ಕಡಿಮೆ ಫಾಡ್‌ಮ್ಯಾಪ್ ಆಗುವುದಿಲ್ಲ.

ಕಾಳುಗಳು: ಸಸ್ಯಾಹಾರಿಗಳಿಗೆ ಕಾಳುಗಳೇ ಪ್ರೋಟೀನಿನ ಮುಖ್ಯ ಮೂಲವಾದುದರಿಂದ ಅವುಗಳನ್ನು ಸಂಪೂರ್ಣ ಕೈಬಿಡುವುದು ಈ ಪಥ್ಯದ ದೊಡ್ಡ ಅಪಾಯ. ರಾತ್ರಿ ನೆನೆಸಿ ನೀರು ಚೆಲ್ಲುವುದು, ಬೇಯಿಸಿದ ನೀರನ್ನು ಬಸಿಯುವುದು ಮತ್ತು ಮೊಳಕೆ ಬರಿಸುವುದರಿಂದ ಅವುಗಳ ಸಕ್ಕರೆ ಕಡಿಮೆಯಾಗುತ್ತದೆ. ಮೊಳಕೆಯೊಡೆದ ಹೆಸರುಕಾಳನ್ನು ಚಿಕ್ಕ ಪ್ರಮಾಣದಲ್ಲಿ ಮೊದಲ ಹಂತದಲ್ಲಿಯೂ ಬಳಸಬಹುದು. ಕಡಲೆಹಿಟ್ಟಿನ ಝುಣಕ ಮತ್ತು ಮಿರ್ಚಿಬಜ್ಜಿಯಲ್ಲಿ ಹಿಟ್ಟನ್ನು ನೆನೆಸಿ ಬಸಿಯುವ ಅವಕಾಶವಿಲ್ಲ. ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಸಕ್ಕರೆಯ ಒಂದು ಭಾಗ ನೀರಿಗೆ ಇಳಿದಿರುವುದರಿಂದ ಕಟ್ಟಿನ ಸಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶೇಂಗಾ, ಮೊಟ್ಟೆ, ಮೀನು, ಮಾಂಸ ಮತ್ತು ಗಟ್ಟಿ ತೋಫು ಪ್ರೋಟೀನಿನ ಕಡಿಮೆ ಫಾಡ್‌ಮ್ಯಾಪ್ ಮೂಲಗಳು.

ಹಾಲು: ಹೆಪ್ಪುಗಟ್ಟುವಾಗ ಲ್ಯಾಕ್ಟೋಸ್‌ನ ಒಂದು ಭಾಗ ಮಾತ್ರ ಕರಗುತ್ತದೆ. ಆದ್ದರಿಂದ ಮೊಸರು, ಮಜ್ಜಿಗೆಗಳನ್ನು ಮೊದಲ ಹಂತದಲ್ಲಿ ಮಿತಗೊಳಿಸಬೇಕು. ತುಪ್ಪ ಮತ್ತು ಬೆಣ್ಣೆಯಲ್ಲಿ ಲ್ಯಾಕ್ಟೋಸ್ ಅತ್ಯಲ್ಪ.

ತರಕಾರಿ, ಹಣ್ಣು ಮತ್ತು ಸಿಹಿ: ಬದನೆ, ಬೆಂಡೆ, ಗಜ್ಜರಿ, ಆಲೂಗಡ್ಡೆ, ಹುರುಳಿಕಾಯಿ, ಪಾಲಕ್ ಇವುಗಳನ್ನು ಮಿತವಾದ ಪ್ರಮಾಣದಲ್ಲಿ ತಿನ್ನಬಹುದು. ಶೇಂಗಾ ಮತ್ತು ಎಳ್ಳಿನ ಪುಡಿ ತುಂಬಿದ ಎಣ್ಣೆಗಾಯಿಯನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆಯೂ ಮಾಡಬಹುದು. ಹಣ್ಣುಗಳಲ್ಲಿ ಪಪ್ಪಾಯಿ, ಕಿತ್ತಳೆ ಹಾಗೂ ಹೆಚ್ಚು ಕಳಿಯದ ಬಾಳೆಹಣ್ಣು ಸೂಕ್ತ. ಬಾಳೆಹಣ್ಣು ಕಳಿತಂತೆ ಅದರಲ್ಲಿ ಫ್ರಕ್ಟಾನ್ ಹೆಚ್ಚುತ್ತದೆ. ಸಾಮಾನ್ಯ ಸಕ್ಕರೆಯು ಫಾಡ್‌ಮ್ಯಾಪ್ ಅಲ್ಲ. ಅಮೀನಗಡದ ಕರದಂಟಿನಂತಹ ಸಿಹಿಗಳು ಈ ಹಂತಕ್ಕೆ ಒಗ್ಗದಿರಲು ಅವುಗಳಲ್ಲಿನ ಗೋಡಂಬಿ ಮತ್ತು ಖರ್ಜೂರ ಕಾರಣ. ಮೆಣಸಿನಕಾಯಿಯ ಖಾರವೂ ಫಾಡ್‌ಮ್ಯಾಪ್ ಅಲ್ಲ. ಆದರೆ ಅದು ಸ್ವತಂತ್ರವಾಗಿ ಐಬಿಎಸ್ ಲಕ್ಷಣಗಳನ್ನು ಕೆರಳಿಸಬಹುದು.

ಪರಿಣಾಮಕಾರಿತ್ವ

ಮೊನಾಶ್ ವಿಶ್ವವಿದ್ಯಾಲಯದ ತಂಡವು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐಬಿಎಸ್ ಇರುವ 30 ಮಂದಿಗೆ ಈ ಪಥ್ಯವನ್ನೂ ಸಾಮಾನ್ಯ ಆಸ್ಟ್ರೇಲಿಯನ್ ಊಟವನ್ನೂ ತಲಾ 21 ದಿನ ನೀಡಲಾಯಿತು. ಪಥ್ಯದ ಅವಧಿಯಲ್ಲಿ ಲಕ್ಷಣಗಳ ಸರಾಸರಿ ಅಂಕವು ಸಾಮಾನ್ಯ ಊಟದ ಅವಧಿಯದರ ಸುಮಾರು ಅರ್ಧದಷ್ಟಿತ್ತು. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯು 2021ರ ಮಾರ್ಗಸೂಚಿಯಲ್ಲಿ ಸೀಮಿತ ಅವಧಿಯ ಪ್ರಯೋಗವಾಗಿ ಇದನ್ನು ಶಿಫಾರಸು ಮಾಡಿದೆ. ಆದರೂ ಎಲ್ಲ ರೋಗಿಗಳಿಗೂ ಇದರಿಂದ ಉಪಶಮನ ದೊರೆಯುವುದಿಲ್ಲ.

ಮಿತಿಗಳು

ಫ್ರಕ್ಟಾನ್ ಮತ್ತು ಕಾಳಿನ ಸಕ್ಕರೆಗಳು ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದು. ಕಟ್ಟುನಿಟ್ಟಿನ ಪಥ್ಯದಲ್ಲಿ ಬಿಫಿಡೋಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಮೊದಲ ಹಂತದಲ್ಲಿಯೇ ನಿಂತುಬಿಟ್ಟರೆ ನಾರು, ಕ್ಯಾಲ್ಸಿಯಂ ಮತ್ತು ಪ್ರೋಟೀನಿನ ಕೊರತೆಯಾಗಬಹುದು. ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ತೂಕ ಕಡಿಮೆ ಇರುವವರು ಮತ್ತು ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರ ಅಥವಾ ಆಹಾರತಜ್ಞರ ಸಲಹೆಯಿಲ್ಲದೆ ಇದನ್ನು ಪಾಲಿಸಬಾರದು. ಐಬಿಎಸ್ ಇಲ್ಲದ ಆರೋಗ್ಯವಂತರಿಗೆ ಈ ಪಥ್ಯದ ಅಗತ್ಯವಿಲ್ಲ. ತೂಕ ಇಳಿಸುವ ಉದ್ದೇಶಕ್ಕೂ ಇದು ರೂಪುಗೊಂಡಿಲ್ಲ.