ಹೊಸ ಮಕ್ಕಳ ಪುಸ್ತಕ ವಿದ್ಯಾರಣ್ಯಪುರಂಗೆ ಬರುವ ದಾರಿ

ಮೈಸೂರಿನ ನಂಜುಮಳಿಗೆ ದಾಟಿ ವಿದ್ಯಾರಣ್ಯಪುರಂ ಕಡೆಗೆ ಬರುವಾಗ ಸಿಗುವ ಸ್ಟೇಷನರಿ ಅಂಗಡಿಗಳಲ್ಲಿ ಮಕ್ಕಳಿಗೆ ಓದಲು ಕನ್ನಡ ಪುಸ್ತಕ ಕೇಳಿ ನೋಡಿ. ಕಾಪಿ ಬರೆಯುವ ಪುಸ್ತಕ, ಬಣ್ಣ ತುಂಬುವ ಪುಸ್ತಕ, ಗೈಡು ಬರುತ್ತವೆ. ಕಥೆ ಬೇಕೆಂದರೆ ತೆನಾಲಿ ರಾಮ, ಪಂಚತಂತ್ರ, ಅಕ್ಬರ್ ಬೀರಬಲ್. ಬರೆದವರ ಹೆಸರಿರುವುದಿಲ್ಲ, ಚಿತ್ರ ಬಿಡಿಸಿದವರ ಹೆಸರೂ ಇರುವುದಿಲ್ಲ. ಹೀಗಾಗಿ ಅಪ್ಪ ಅಮ್ಮಂದಿರು ಕನ್ನಡದಲ್ಲಿ ಮಕ್ಕಳಿಗಾಗಿ ಯಾರೂ ಹೊಸದಾಗಿ ಬರೆಯುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಅದು ನಿಜವಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಇತ್ತೀಚಿನ ಕನ್ನಡ ಪುಸ್ತಕಗಳನ್ನೇ ನೋಡಿ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಈ ಮೂರೂ ಮಕ್ಕಳ ಕಾದಂಬರಿಗಳು. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳ್ ಅವರ ‘ನೋಟ್‌ಬುಕ್’, ಎರಡೂ ಕಥಾಸಂಕಲನಗಳು. ಧಾರವಾಡ, ಸಿದ್ದಾಪುರ, ಕುಂದಾಪುರ, ಬಳ್ಳಾರಿ ಕಡೆಯ ಕನ್ನಡವೆಲ್ಲ ಈ ಪುಸ್ತಕಗಳ ಮೂಲಕ ಮಕ್ಕಳ ಕಿವಿಗೆ ಬೀಳಬಹುದು. ಪುಸ್ತಕಗಳಿವೆ, ನಮ್ಮ ಬೀದಿಗೆ ಬರುತ್ತಿಲ್ಲ ಅಷ್ಟೆ. ಯಾಕೆ ಬರುತ್ತಿಲ್ಲ ಎಂಬುದು ಗೊತ್ತಾದರೆ ತರಿಸಿಕೊಳ್ಳುವ ಬಗೆಯೂ ತಿಳಿಯುತ್ತದೆ.

ಕನ್ನಡದಲ್ಲಿ ಮಕ್ಕಳ ಪುಸ್ತಕವೊಂದು ಅಚ್ಚಾಗುವುದು ಸಾಮಾನ್ಯವಾಗಿ ಹೆಚ್ಚೆಂದರೆ ಸಾವಿರ ಪ್ರತಿ. ಡಿಜಿಟಲ್ ಮುದ್ರಣ ಬಂದ ಮೇಲೆ ಅದಕ್ಕಿಂತ ಕಡಿಮೆ ಹಾಕಿಸುವವರೂ ಇದ್ದಾರೆ. ಪ್ರಕಾಶಕರ ಕಣ್ಣು ಮೊದಲು ಹೋಗುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಕಡೆಗೆ. ರಾಜ್ಯಮಟ್ಟದ ಆಯ್ಕೆ ಸಮಿತಿ ಒಪ್ಪಿದರೆ ಒಂದು ಪುಸ್ತಕದ 300 ಪ್ರತಿಗಳನ್ನು ಇಲಾಖೆ ಕೊಳ್ಳುತ್ತದೆ. ಸಣ್ಣ ಪ್ರಕಾಶಕರಿಗೆ ಹಾಕಿದ ಬಂಡವಾಳ ಮರಳುವ ಭರವಸೆ ಅದೊಂದೇ. ಅಂಗಡಿಯವರಿಗೆ ಕಮಿಷನ್ ಬಿಡಬೇಕು, ಸಾಗಣೆ ಖರ್ಚು ಹೊರಬೇಕು, ಮಾರಾಟವಾಗದೆ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳಬೇಕು. ಎಂಬತ್ತು ರೂಪಾಯಿಯ ಪುಸ್ತಕಕ್ಕಾಗಿ ಇಷ್ಟೆಲ್ಲ ಓಡಾಟ ಗಿಟ್ಟುವುದಿಲ್ಲ.

ಈ ಏರ್ಪಾಡು ಪುಸ್ತಕದ ರೂಪವನ್ನೂ ತಿದ್ದಿಬಿಟ್ಟಿದೆ. ಇಲಾಖೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ನಾಲ್ಕು ವರ್ಷದ ಮಗುವಿಗೆ ಬೇಕಾದದ್ದು ದಪ್ಪ ಕಾಗದದ, ಬಣ್ಣದ ಚಿತ್ರಗಳ, ಪುಟಕ್ಕೆರಡು ಸಾಲಿನ ಇಪ್ಪತ್ತನಾಲ್ಕು ಪುಟದ ಪುಸ್ತಕ. ಪುಟ ಕಡಿಮೆ, ಖರ್ಚು ಜಾಸ್ತಿ. ಅದಕ್ಕಿಂತ ಕಪ್ಪು ಬಿಳುಪಿನಲ್ಲಿ ನೂರು ಪುಟದ ಡೆಮಿ ಸೈಜಿನ ಕಥಾಸಂಕಲನ ಹಾಕುವುದು ಪ್ರಕಾಶಕರಿಗೆ ಕ್ಷೇಮ. ಕನ್ನಡದಲ್ಲಿ ಒಳ್ಳೆಯ ಶಿಶುಗೀತೆ, ಕಥೆ ಬರೆಯುವವರಿಗೆ ಬರವಿಲ್ಲದಿದ್ದರೂ ಒಳ್ಳೆಯ ಚಿತ್ರಪುಸ್ತಕ ಇಷ್ಟು ವಿರಳವಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತಿರುವುದು ಬೇರೆ ಬಗೆಯ ಸಂಸ್ಥೆಗಳು. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಬಣ್ಣದ ಕನ್ನಡ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಚೆನ್ನೈನ ತೂಲಿಕಾ ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಚಿತ್ರಪುಸ್ತಕಗಳನ್ನು ತರುತ್ತದೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿ ಭಾಷೆ ಕನ್ನಡವೆಂದು ಆರಿಸಿಕೊಂಡರೆ ಕಥೆಗಳು ಪುಕ್ಕಟೆಯಾಗಿ ತೆರೆದುಕೊಳ್ಳುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರಕಾರರ, ಅನುವಾದಕರ ಹೆಸರು ಉಳಿಸಿಕೊಂಡು ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಿ ಹಂಚಲೂಬಹುದು. ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ, ನಡುವೆ ಪಿನ್ ಹೊಡೆಸಿದರೆ ಮಗುವಿನ ಕೈಯಲ್ಲಿ ನಿಜವಾದ ಪುಸ್ತಕವೇ ಇರುತ್ತದೆ. ಫೋನಿನಲ್ಲಿ ತೋರಿಸುವುದಕ್ಕಿಂತ ಹೀಗೆ ಮಾಡುವುದೇ ಒಳ್ಳೆಯದು, ಪುಟ ತಿರುವುವ ಕೆಲಸ ಮಗುವಿನದಾಗಬೇಕು.

ಸ್ಟೋರಿವೀವರಿನ ಕಥೆಗಳಿಗೆ ಒಂದರಿಂದ ನಾಲ್ಕರವರೆಗೆ ಓದಿನ ಹಂತ ಗುರುತು ಹಾಕಿರುತ್ತಾರೆ. ಇಲ್ಲಿ ತುಸು ಎಚ್ಚರ ಬೇಕು. ನಮ್ಮ ಬಡಾವಣೆಯ ಎಷ್ಟೋ ಮಕ್ಕಳು ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ಕನ್ನಡ ಅರಳು ಹುರಿದಂತೆ ಮಾತನಾಡುತ್ತಾರೆ, ಅದೇ ಕನ್ನಡವನ್ನು ಓದಲು ಕೂತರೆ ಒತ್ತಕ್ಷರ ಬಂದಲ್ಲಿ ತಡೆಯುತ್ತಾರೆ. ಮಗುವಿಗೆ ಎಂಟು ವರ್ಷವಾದರೂ ಕನ್ನಡದ ಕಣ್ಣೋದಿಗೆ ಆರು ವರ್ಷ, ತಿಳಿವಳಿಕೆಗೆ ಹತ್ತು. ಒಂದೇ ಪುಸ್ತಕ ಕೊಟ್ಟು ಎರಡನ್ನೂ ತೃಪ್ತಿಪಡಿಸಲು ಹೊರಟರೆ ಮಗು ಕನ್ನಡವನ್ನೇ ದೂರ ಇಡುತ್ತದೆ. ಹಾಗಾಗಿ ತಾನೇ ಓದಿಕೊಳ್ಳಲು ಒಂದು ಹಂತ ಕೆಳಗಿನದನ್ನು ಕೊಡಿ: ದೊಡ್ಡ ಅಕ್ಷರ, ಒತ್ತು ಕಡಿಮೆ, ಒಂದೇ ಮಾತು ಮತ್ತೆ ಮತ್ತೆ ಬರುವಂಥದ್ದು. ರಾತ್ರಿ ನೀವು ಓದಿ ಹೇಳಲು ಒಂದು ಹಂತ ಮೇಲಿನದನ್ನು ಇಟ್ಟುಕೊಳ್ಳಿ. ‘ಸೂರಕ್ಕಿ ಗೇಟ್’ನಂಥ ಕಾದಂಬರಿಯನ್ನು ದಿನಕ್ಕೊಂದು ಅಧ್ಯಾಯದಂತೆ ಅಜ್ಜಿಯೋ ತಾತನೋ ಓದಿ ಹೇಳಿದರೆ, ತಾನಾಗಿ ಓದಲಾರದ ಮಗುವೂ ಮುಂದೇನಾಯಿತು ಎಂದು ಕೇಳುತ್ತದೆ.

ಪುಸ್ತಕ ಕೈಗೆ ಬಂದಾಗ ಮುಖಪುಟ ತಿರುವಿ ಒಳಪುಟ ನೋಡಿ. ಲೇಖಕರ ಹೆಸರು, ಚಿತ್ರಕಾರರ ಹೆಸರು, ಮೊದಲ ಮುದ್ರಣದ ವರ್ಷ ಮೂರೂ ಇದ್ದರೆ ಯಾರೋ ಹೊಣೆ ಹೊತ್ತು ಮಾಡಿದ ಪುಸ್ತಕ ಅದು. ಆಮೇಲೆ ನಡುವಿನ ಯಾವುದಾದರೂ ಒಂದು ಪುಟವನ್ನು ಗಟ್ಟಿಯಾಗಿ ಓದಿ. ಮಕ್ಕಳು ಮಕ್ಕಳ ಹಾಗೆ ಮಾತಾಡದೆ ಉಪದೇಶ ಮಾಡುತ್ತಿದ್ದರೆ ಅಲ್ಲೇ ಬಿಟ್ಟುಬಿಡಿ.

ಹರೆಯದವರ ಕಪಾಟಿನ ಕಥೆ ಬೇರೆ. ಹನ್ನೆರಡರಿಂದ ಹದಿನಾರರ ನಡುವಿನವರಿಗೆಂದೇ ಬರೆದ ಹೊಸ ಕನ್ನಡ ಪುಸ್ತಕ ಹುಡುಕುವುದು ನಿಜಕ್ಕೂ ಕಷ್ಟ. ಟ್ಯೂಷನ್, ಮೊಬೈಲು, ಫೇಲಾಗುವ ಭಯ, ಮೊದಲ ಒಲವು, ಅಪ್ಪನ ಸಾಲ, ಇವೆಲ್ಲ ಅವರ ಬದುಕಿನಲ್ಲಿವೆ, ಅವರಿಗಾಗಿ ಬರೆದ ಪುಸ್ತಕಗಳಲ್ಲಿ ಇಲ್ಲ. ನಮ್ಮ ಲೇಖಕರು ಈ ವಯಸ್ಸನ್ನು ದಾಟಿ ಹೋಗಿರುವುದು ನನಗೆ ನೋವಿನ ಸಂಗತಿ. ಸದ್ಯಕ್ಕೆ ದೊಡ್ಡವರ ಕಪಾಟಿನಿಂದಲೇ ಆರಿಸಿಕೊಡಬೇಕು. ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’ ಇಂದಿಗೂ ಹದಿಮೂರರ ಹುಡುಗ ಹುಡುಗಿಯರನ್ನು ಹಿಡಿದು ಕೂರಿಸುತ್ತದೆ. ಅವರದೇ ‘ಪರಿಸರದ ಕತೆ’ ಮತ್ತು ಮಿಲೇನಿಯಂ ಸರಣಿಯನ್ನು ಬೆನ್ನಿಗೇ ಕೊಡಬಹುದು. ಅವರ ಪುಸ್ತಕಗಳನ್ನು ಹೊರತಂದ ಪುಸ್ತಕ ಪ್ರಕಾಶನ ನಮ್ಮ ಮೈಸೂರಿನದೇ. ನೇಮಿಚಂದ್ರರ ‘ಯಾದ್ ವಶೇಮ್’ (2007) ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ಬೆಂಗಳೂರಿನಲ್ಲಿ ಬೆಳೆದ ಯಹೂದಿ ಹುಡುಗಿಯ ಕಥೆ. ಒಂಬತ್ತು, ಹತ್ತನೇ ತರಗತಿಯವರು ಅದನ್ನು ಓದಲೇಬೇಕು. ವಿ. ಗಾಯತ್ರಿ ಅನುವಾದಿಸಿರುವ ‘ತೊತ್ತೊ ಚಾನ್’, ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಆರು, ಏಳನೆಯವರಿಗೆ ಸರಿಹೊಂದುತ್ತವೆ.

ಇನ್ನು ದುಡ್ಡಿನ ಮಾತು. ನಿಮ್ಮ ಮನೆ ಕಂದಾಯದ ಚಲನ್ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರವೂ ಸೇರಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯಗಳಿಗೆ ಸಲ್ಲಬೇಕು. ಪಾಲಿಕೆ ಅದನ್ನು ವಸೂಲಿ ಮಾಡಿ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಬಾಡಿಗೆಯವರೂ ಬಾಡಿಗೆಯ ಮೂಲಕ ಇದನ್ನು ಕೊಡುತ್ತಲೇ ಇದ್ದಾರೆ. ಹಾಗಾಗಿ ಮಕ್ಕಳಿಗೆ ಹೊಸ ಪುಸ್ತಕ ಬೇಕೆಂದು ಗ್ರಂಥಾಲಯದಲ್ಲಿ ಕೇಳುವಾಗ ಸಂಕೋಚ ಪಡಬೇಕಾಗಿಲ್ಲ. ಆದರೆ ಬಾಯಿಮಾತಿನಲ್ಲಿ ಕೇಳಿದ್ದು ಅಲ್ಲೇ ನಿಲ್ಲುತ್ತದೆ. ಒಂದು ಹಾಳೆಯಲ್ಲಿ ಪುಸ್ತಕ, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಬೆಲೆ ಇಷ್ಟನ್ನೂ ಬರೆಯಿರಿ. ಹತ್ತು ಪುಸ್ತಕ ಸಾಕು. ಬೀದಿಯ ನಾಲ್ಕಾರು ಮನೆಯವರ ಸಹಿ ಹಾಕಿಸಿ ಹತ್ತಿರದ ಶಾಖಾ ಗ್ರಂಥಾಲಯದ ಗ್ರಂಥಪಾಲಕರಿಗೆ ಕೊಡಿ, ಒಂದು ಪ್ರತಿ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ ಹೋಗಲಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ. ಮಗುವಿನ ಹೆಸರಿನಲ್ಲೇ ಸದಸ್ಯತ್ವದ ಅರ್ಜಿ ಹಾಕುವುದೂ ಅಷ್ಟೇ ಮುಖ್ಯ. ಮಕ್ಕಳೇ ಬರದ ಶಾಖೆಗೆ ಮಕ್ಕಳ ಪುಸ್ತಕ ಬೇಕೆಂದು ಗ್ರಂಥಪಾಲಕರು ಯಾವ ಧೈರ್ಯದ ಮೇಲೆ ಕೇಳಿಯಾರು?

ಮಕ್ಕಳನ್ನು ಗ್ರಂಥಾಲಯಕ್ಕೆ ಸೇರಿಸುವ ಈ ಕೆಲಸ ಹಳ್ಳಿಗಳಲ್ಲಿ ಆಗಲೇ ನಡೆದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲು ಶುರುಮಾಡಿದರು. ನಂಜನಗೂಡು, ತಿ. ನರಸೀಪುರ ಕಡೆ ನಂಟರಿರುವವರು ರಜೆಯಲ್ಲಿ ಮಕ್ಕಳನ್ನು ಕಳಿಸಿದಾಗ ಈಗ ಅರಿವು ಕೇಂದ್ರ ಎನ್ನಿಸಿಕೊಳ್ಳುವ ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೂ ಒಮ್ಮೆ ಕಳಿಸಿ.

ಕೊಂಡು ಓದುವವರಿಗೆ ನವೆಂಬರ್ ಒಳ್ಳೆಯ ತಿಂಗಳು, ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತದೆ. ಅದಕ್ಕೂ ಮೊದಲು ದಸರಾ ಪುಸ್ತಕ ಮೇಳ ನಡೆದರೆ, ಮೈಸೂರಿನ ಅಂಗಡಿಗಳಿಗೆ ಬಾರದ ಸಣ್ಣ ಪ್ರಕಾಶಕರು ಅಲ್ಲಿ ಸಿಗುತ್ತಾರೆ. ಮಳಿಗೆಯ ಮುಂದೆ ನಿಂತಾಗ ಹೆಸರುಗಳು ಮರೆತುಹೋಗುತ್ತವೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ, ಒಂದು ಪುಸ್ತಕದ ಆಯ್ಕೆ ಪೂರ್ತಿ ಅದಕ್ಕೇ ಬಿಡಿ. ಬೇಕಾದ ಪುಸ್ತಕ ಸಿಗದಿದ್ದರೆ ಪ್ರಕಾಶಕರ ಫೋನ್ ನಂಬರ್ ಅವರ ಬೇರೆ ಪುಸ್ತಕದ ಒಳಪುಟದಲ್ಲೋ ಕ್ಯಾಟಲಾಗಿನಲ್ಲೋ ಇರುತ್ತದೆ. ಫೋನ್ ಮಾಡಿ ಹಣ ಕಳಿಸಿದರೆ ಅಂಚೆಯಲ್ಲಿ ಮನೆಗೇ ಬರುತ್ತದೆ, ಮತ್ತು ಅಂಗಡಿಯ ಕಮಿಷನ್ ಕಳೆಯದ ಪೂರ್ತಿ ದುಡ್ಡು ಮುಂದಿನ ಪುಸ್ತಕ ತರಬೇಕಾದವರ ಕೈ ಸೇರುತ್ತದೆ.